ದೇವರ ಹೆಸರು, ಸರ್ಕಾರದ ಕಲ್ಲು

ಆರಡಿ ಎತ್ತರ, ಮೂರಡಿ ಅಗಲದ ಗ್ರಾನೈಟ್ ಕಲ್ಲು. ಆಸ್ಟಿನ್ ನಗರದಲ್ಲಿ ಟೆಕ್ಸಾಸ್ ಶಾಸನಸಭೆಯ ಕಟ್ಟಡಕ್ಕೂ ಆ ರಾಜ್ಯದ ಸುಪ್ರೀಂ ಕೋರ್ಟಿಗೂ ನಡುವೆ ನಿಂತಿದೆ. ಮೈಮೇಲೆ ಬೈಬಲಿನ ದಶಾಜ್ಞೆಗಳು. ಜತೆಗೆ ಅಮೆರಿಕದ ಬಾವುಟ ಹಿಡಿದ ಹದ್ದು, ಪಿರಮಿಡ್ಡಿನೊಳಗೆ ಒಂದು ಕಣ್ಣು, ಯೆಹೂದಿಗಳ ಆರು ಮೂಲೆಯ ನಕ್ಷತ್ರ ಎರಡು, ಕ್ರಿಸ್ತನನ್ನು ಸೂಚಿಸುವ ಗ್ರೀಕ್ ಅಕ್ಷರಗಳು. ನಿನ್ನ ದೇವರು ನಾನೇ ಎಂದು ಸಾರುವ ಮೊದಲ ಸಾಲು ಮಿಕ್ಕವುಗಳಿಗಿಂತ ದೊಡ್ಡಕ್ಷರದಲ್ಲಿದೆ.

ಓದಿದ ಮೇಲೆ ತಲೆಯಲ್ಲಿ ಉಳಿದ ಪ್ರಶ್ನೆ: ಇಲ್ಲಿ ‘ನಾನು’ ಎನ್ನುತ್ತಿರುವುದು ದೇವರೋ, ಟೆಕ್ಸಾಸ್ ಸರ್ಕಾರವೋ?

*

ಈ ಕಲ್ಲಿನ ಮೇಲೆ ದಾವೆ ಹೂಡಿದವರು ಥಾಮಸ್ ವ್ಯಾನ್ ಆರ್ಡನ್. ಒಂದು ಕಾಲಕ್ಕೆ ವಕೀಲರು. ಆಮೇಲೆ ಸನ್ನದು ಹೋಯಿತು, ಮನೆಯೂ ಹೋಯಿತು. ಸುಪ್ರೀಂ ಕೋರ್ಟ್ ಕಟ್ಟಡದಲ್ಲಿರುವ ಕಾನೂನು ಗ್ರಂಥಾಲಯಕ್ಕೆ ಓದಲು ಹೋಗುವಾಗ ಬರುವಾಗ ಈ ಕಲ್ಲು ಕಣ್ಣಿಗೆ ಬೀಳುತ್ತಿತ್ತು. ಅದೇ ಗ್ರಂಥಾಲಯದಲ್ಲಿ ಕೂತು ತಾವೇ ಅರ್ಜಿ ಬರೆದರು. ತಲೆಯ ಮೇಲೆ ಸೂರಿಲ್ಲದ ಒಬ್ಬ ಮನುಷ್ಯ ಒಂದು ರಾಜ್ಯ ಸರ್ಕಾರವನ್ನು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಎಳೆದೊಯ್ದರು. ತೀರ್ಪು ಏನೇ ಬಂದಿರಲಿ, ಇದು ಆ ದೇಶದ ದೊಡ್ಡತನ ಎಂದೇ ನಾನು ಬರೆದುಕೊಳ್ಳುತ್ತೇನೆ.

2005ರ ಜೂನ್ 27ರಂದು ತೀರ್ಪು ಬಂತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಕಲ್ಲು ಇರಲಿ ಎಂದರು. ಅದೇ ದಿನ, ಅದೇ ಪೀಠ, ಅದೇ ದಶಾಜ್ಞೆಗಳ ಮೇಲೆ ಇನ್ನೊಂದು ತೀರ್ಪು ಕೊಟ್ಟಿತು. ಕೆಂಟಕಿಯ ಎರಡು ಕೌಂಟಿಗಳು ತಮ್ಮ ಕೋರ್ಟ್ ಕಟ್ಟಡದಲ್ಲಿ ದಶಾಜ್ಞೆಗಳಿಗೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದವು. ಅದು ಕೂಡದು ಎಂದೂ ಐವರೇ ಹೇಳಿದರು. ಎಂಟು ಮಂದಿ ಎರಡು ಮೊಕದ್ದಮೆಗಳಲ್ಲೂ ತಮ್ಮ ತಮ್ಮ ಕಡೆಯಲ್ಲೇ ನಿಂತರು. ಆಚೆಯಿಂದ ಈಚೆಗೆ ಬಂದವರು ಸ್ಟೀಫನ್ ಬ್ರೇಯರ್ ಒಬ್ಬರೇ.

ಅವರ ಕಾರಣ ಇದು: ಟೆಕ್ಸಾಸಿನ ಕಲ್ಲು ನಲವತ್ತು ವರ್ಷದಿಂದ ಅಲ್ಲಿದೆ, ಅಷ್ಟು ಕಾಲ ಯಾರೂ ತಕರಾರು ತೆಗೆದಿರಲಿಲ್ಲ. ಕೆಂಟಕಿಯದು ನಿನ್ನೆ ಮೊನ್ನೆಯದು, ತೂಗುಹಾಕಿದವರ ಉದ್ದೇಶವೂ ಸ್ಪಷ್ಟ. ಹಳೆಯದನ್ನು ಕಿತ್ತರೆ ಜನರ ನಡುವೆ ಮತದ ಹೆಸರಲ್ಲಿ ಜಗಳ ಎದ್ದೀತು. ಅದನ್ನು ತಡೆಯಲೆಂದೇ ಅಲ್ಲವೇ ಸಂವಿಧಾನ ಇರುವುದು.

ಮೆಚ್ಚಿದೆ, ಆದರೆ ಒಪ್ಪಲಾಗಲಿಲ್ಲ. ತಕರಾರು ಇಲ್ಲದ್ದಕ್ಕೆ ಒಪ್ಪಿಗೆಯೇ ಕಾರಣವೆಂದು ಹೇಗೆ ಹೇಳುವುದು? ದೂರು ಕೊಟ್ಟರೆ ಅಕ್ಕಪಕ್ಕದವರು ಮಾತು ಬಿಡುತ್ತಾರೆ ಎಂಬ ಊರುಗಳಲ್ಲಿ ಅಲ್ಪಸಂಖ್ಯಾತರು ತಲೆತಲಾಂತರ ಸುಮ್ಮನಿರುತ್ತಾರೆ.

*

ಕಲ್ಲಿನ ಹುಟ್ಟು. ಎರಡನೇ ಮಹಾಯುದ್ಧದ ನಂತರ ಮಿನೆಸೋಟಾದ ನ್ಯಾಯಾಧೀಶ ಇ.ಜೆ. ರೂಗೆಮರ್ ಅವರಿಗೆ ದಾರಿ ತಪ್ಪಿದ ಹುಡುಗರ ಚಿಂತೆ. ದಶಾಜ್ಞೆಗಳನ್ನು ಕಣ್ಣಮುಂದೆ ಇಟ್ಟರೆ ಸರಿಹೋದಾರು ಎಂದುಕೊಂಡರು. ‘ಫ್ರಾಟರ್ನಲ್ ಆರ್ಡರ್ ಆಫ್ ಈಗಲ್ಸ್’ ಎಂಬ ಸಂಘ ಕೈಜೋಡಿಸಿತು. ದಶಾಜ್ಞೆಗಳ ಮೇಲೆ 1956ರಲ್ಲಿ ತೆರೆಕಂಡ ದೊಡ್ಡ ಚಿತ್ರ ತೆಗೆದ ಸೆಸಿಲ್ ಬಿ. ಡಿಮಿಲ್ ಕೂಡ ಬೆಂಬಲಿಸಿದರು. ಊರೂರಿಗೆ ಕಲ್ಲು ಹೋದವು. ಆಸ್ಟಿನ್ನಿನದು 1961ರದ್ದು.

ಕೆತ್ತುವಾಗ ಎದುರಾದ ತೊಡಕು ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ. ಯೆಹೂದಿಗಳು, ಕ್ಯಾಥೊಲಿಕರು, ಪ್ರಾಟೆಸ್ಟಂಟರು ಈ ಹತ್ತನ್ನೂ ಬೇರೆ ಬೇರೆ ರೀತಿ ಎಣಿಸುತ್ತಾರೆ. ವಿಗ್ರಹ ಮಾಡಬೇಡ ಎನ್ನುವುದು ಒಬ್ಬರಿಗೆ ಬಿಡಿ ಆಜ್ಞೆ, ಇನ್ನೊಬ್ಬರಿಗೆ ಮೊದಲನೆಯದರದೇ ಭಾಗ. ಅದಕ್ಕಾಗಿ ಎಲ್ಲರೂ ಒಪ್ಪುವಂಥ ಒಂದು ಪಾಠವನ್ನು ಕಟ್ಟಿದರು. ಒಳ್ಳೆಯ ಮನಸ್ಸಿನಿಂದಲೇ ಕಟ್ಟಿದರು. ಹಾಗೆ ಕಟ್ಟಿದ್ದು ಯಾವ ಮಂದಿರದ್ದೂ ಅಲ್ಲದ, ಸರ್ಕಾರಿ ಹುಲ್ಲುಹಾಸಿಗೆ ಹೊಂದುವ ಒಂದು ಮಾದರಿ.

*

1844, ಫಿಲಡೆಲ್ಫಿಯಾ. ಸರ್ಕಾರಿ ಶಾಲೆಗಳಲ್ಲಿ ಪ್ರಾಟೆಸ್ಟಂಟರ ಕಿಂಗ್ ಜೇಮ್ಸ್ ಬೈಬಲ್ ಓದಿಸುತ್ತಿದ್ದರು. ಕ್ಯಾಥೊಲಿಕ್ ಮಕ್ಕಳಿಗೆ ತಮ್ಮದೇ ಬೈಬಲ್ ಓದಲು ಬಿಡಿ ಎಂದು ಬಿಷಪ್ ಫ್ರಾನ್ಸಿಸ್ ಕೆನ್ರಿಕ್ ಕೇಳಿಕೊಂಡರು. ಅದು ಮುಂದಕ್ಕೆ ಗಲಭೆಗೆ ತಿರುಗಿತು. ಜನ ಸತ್ತರು, ಸೇಂಟ್ ಮೈಕಲ್, ಸೇಂಟ್ ಅಗಸ್ಟಿನ್ ಚರ್ಚುಗಳು ಸುಟ್ಟು ಹೋದವು. ಎರಡು ಪಕ್ಷದವರೂ ಕ್ರೈಸ್ತರೇ.

ಸರ್ಕಾರ ದೇವರನ್ನು ಒಪ್ಪಿಕೊಳ್ಳಲಿ ಎನ್ನುವವರಿಗೆ ನಾನು ಮೊದಲು ಹೇಳಬೇಕೆನಿಸುವ ಕಥೆ ಇದು.

*

ಎಲ್ಲರೂ ಅಧ್ಯಕ್ಷ ಜೆಫರ್ಸನ್ನರ ಗೋಡೆಯ ಮಾತಾಡುತ್ತಾರೆ. ಚರ್ಚಿಗೂ ಪ್ರಭುತ್ವಕ್ಕೂ ನಡುವೆ ಬೇರ್ಪಡಿಸುವ ಗೋಡೆ ಇದೆ ಎಂದು ಅವರು ಬರೆದದ್ದು 1802ರ ಜನವರಿ 1ರ ಒಂದು ಕಾಗದದಲ್ಲಿ. ಸಂವಿಧಾನದಲ್ಲಿ ಆ ಗೋಡೆಯ ಹೆಸರೇ ಇಲ್ಲ. 1791ರ ಮೊದಲ ತಿದ್ದುಪಡಿಯಲ್ಲಿ ಇರುವುದು, ಕಾಂಗ್ರೆಸ್ಸು ಮತವೊಂದನ್ನು ಸ್ಥಾಪಿಸುವ ಕಾನೂನನ್ನಾಗಲೀ ಮತಾಚರಣೆಯನ್ನು ತಡೆಯುವ ಕಾನೂನನ್ನಾಗಲೀ ಮಾಡಕೂಡದು ಎಂಬಷ್ಟೇ.

ಕಾಗದ ಹೋದದ್ದು ಯಾರಿಗೆ? ಕನೆಟಿಕಟ್ ರಾಜ್ಯದ ಡ್ಯಾನ್‌ಬರಿ ಸೀಮೆಯ ಬ್ಯಾಪ್ಟಿಸ್ಟರಿಗೆ. ಅವರೇನು ನಾಸ್ತಿಕರಲ್ಲ, ಕಟ್ಟಾ ಭಕ್ತರು. ಅವರ ರಾಜ್ಯದಲ್ಲಿ ಕಾಂಗ್ರಿಗೇಷನಲ್ ಪಂಥದ ಚರ್ಚು ಸರ್ಕಾರಿ ಚರ್ಚು, ಅದನ್ನು ನಡೆಸಲು ಕರ. ಆ ಕರದಿಂದ ಪಾರಾಗಬೇಕಾದರೆ ಬ್ಯಾಪ್ಟಿಸ್ಟನಾದವನು ತಾನು ಬೇರೆ ಸಭೆಗೆ ಹೋಗುವವನೆಂದು ಪ್ರಮಾಣಪತ್ರ ಸಲ್ಲಿಸಬೇಕಿತ್ತು. ನನ್ನ ದೇವರನ್ನು ನಾನು ನಂಬುತ್ತೇನೆಂದು ಸರ್ಕಾರಕ್ಕೆ ಚೀಟಿ ಕೊಡುವುದೇ ಅವಮಾನ ಎನ್ನುವುದು ಅವರ ಸಂಕಟ. ಗೋಡೆ ಬೇಕೆಂದು ಕೇಳಿದ್ದು ಈ ಸಂಕಟ.

ಅದೇ ಜನವರಿ 1ರಂದು ಜೆಫರ್ಸನ್ನರ ಬಾಗಿಲಿಗೆ 1,235 ಪೌಂಡ್ ತೂಕದ ಒಂದು ಚೀಸ್ ಬಂತು! ಮ್ಯಾಸಚೂಸೆಟ್ಸಿನ ಚೆಷೈರ್ ಎಂಬ ಹಳ್ಳಿಯ ಬ್ಯಾಪ್ಟಿಸ್ಟ್ ರೈತರು ಸೇರಿ ಮಾಡಿದ್ದು. ತಂದವರು ಅವರ ಉಪದೇಶಕ ಜಾನ್ ಲೀಲಂಡ್. ಎರಡು ದಿನ ಕಳೆದು, ಭಾನುವಾರ, ಜನಪ್ರತಿನಿಧಿ ಸಭೆಯ ಸಭಾಂಗಣದಲ್ಲಿ ಪ್ರಾರ್ಥನಾ ಸಭೆ. ಉಪದೇಶ ಮಾಡಿದವರು ಇದೇ ಲೀಲಂಡ್. ಕೇಳಲು ಬಂದು ಕೂತವರಲ್ಲಿ ಅಧ್ಯಕ್ಷ ಜೆಫರ್ಸನ್ ಕೂಡ ಒಬ್ಬರು.

ಶುಕ್ರವಾರ ಗೋಡೆ, ಭಾನುವಾರ ಸರ್ಕಾರಿ ಕಟ್ಟಡದೊಳಗೆ ಉಪದೇಶ. ಗೋಡೆ ಬೇಡ ಎನ್ನುವವರು ಈ ಭಾನುವಾರವನ್ನು ತೋರಿಸುತ್ತಾರೆ, ಬೇಕೆನ್ನುವವರು ಶುಕ್ರವಾರವನ್ನು. ನನಗೆ ಕಾಣುವುದು ಲೀಲಂಡ್. ಆ ಮನುಷ್ಯ ದೇವರ ಮಾತನ್ನು ಎಲ್ಲಿ ಬೇಕಾದರೂ ಆಡಲು ತಯಾರಿದ್ದರು, ಆದರೆ ಸರ್ಕಾರದ ಕಾಸನ್ನಾಗಲೀ ಮುದ್ರೆಯನ್ನಾಗಲೀ ಮುಟ್ಟಲು ಒಪ್ಪಲಿಲ್ಲ. ತನ್ನ ನಾಲಗೆಯಿಂದ ದೇವರ ಹೆಸರು ಹೇಳುವ ಭಕ್ತ ಬೇರೆ, ಕಾಯಿದೆಯ ಬಲದಿಂದ ಹೇಳಿಸುವ ಸರ್ಕಾರ ಬೇರೆ.

ಗೋಡೆಯ ರೂಪಕವೂ ಜೆಫರ್ಸನ್ನರದಲ್ಲ. 1644ರಲ್ಲೇ ರೋಜರ್ ವಿಲಿಯಮ್ಸ್ ಬರೆದಿದ್ದರು. ಮ್ಯಾಸಚೂಸೆಟ್ಸ್ ಬೇ ವಸಾಹತು ಗಡೀಪಾರು ಮಾಡಿದ ಮೇಲೆ 1636ರಲ್ಲಿ ಪ್ರಾವಿಡೆನ್ಸ್ ಊರು ಕಟ್ಟಿದ ಪಾದ್ರಿ ಅವರು. ಅವರ ಮಾತಿನಲ್ಲಿ ಚರ್ಚು ತೋಟ, ಲೋಕವ್ಯವಹಾರ ಕಾಡು. ಬೇಲಿ ಇರುವುದು ತೋಟದ ರಕ್ಷಣೆಗೆ.

*

ಅಮೆರಿಕದ ಸಂವಿಧಾನದಲ್ಲಿ ದೇವರಿಲ್ಲ. ಕೊನೆಯಲ್ಲಿ ತಾರೀಖು ನಮೂದಿಸುವಾಗ ಬರುವ ‘ನಮ್ಮ ಪ್ರಭುವಿನ ವರ್ಷ’ ಎಂಬ ವಾಡಿಕೆಯ ಮಾತು ಬಿಟ್ಟರೆ ಎಲ್ಲಿಯೂ ಇಲ್ಲ. ಸರ್ಕಾರಿ ಹುದ್ದೆಗೆ ಮತದ ಪರೀಕ್ಷೆ ಇಡಕೂಡದೆಂದು ಆರನೇ ವಿಧಿ ಹೇಳುತ್ತದೆ. ಅಧ್ಯಕ್ಷರ ಪ್ರಮಾಣವಚನದ ಪಾಠದಲ್ಲೂ ದೇವರ ಹೆಸರಿಲ್ಲ, ಅದನ್ನು ಅಧ್ಯಕ್ಷರು ತಾವಾಗಿ ಸೇರಿಸಿಕೊಳ್ಳುತ್ತಾರೆ. 1797ರ ಟ್ರಿಪೊಲಿ ಒಪ್ಪಂದವಂತೂ ಈ ದೇಶದ ಸರ್ಕಾರ ಕ್ರೈಸ್ತಧರ್ಮದ ಮೇಲೆ ನಿಂತದ್ದಲ್ಲ ಎಂದು ನೇರವಾಗಿ ಬರೆದುಕೊಟ್ಟಿತು. ಸೆನೆಟ್ ಒಂದು ವಿರೋಧದ ಮತವೂ ಇಲ್ಲದೆ ಅದನ್ನು ಒಪ್ಪಿತು.

ಹಾಗಾದರೆ ಇಷ್ಟೊಂದು ದೇವರ ಹೆಸರು ಎಲ್ಲಿಂದ ಬಂತು? ಹೆಚ್ಚಿನವು ಭಯದ ಕಾಲದಲ್ಲಿ ಬಂದವು. ‘ದೇವರಲ್ಲಿ ನಮ್ಮ ನಂಬಿಕೆ’ ಎಂಬ ವಾಕ್ಯ ನಾಣ್ಯದ ಮೇಲೆ ಮೊದಲು ಅಚ್ಚಾದದ್ದು 1864ರಲ್ಲಿ, ಅಂತರ್ಯುದ್ಧದ ನಡುವೆ, ಎರಡು ಸೆಂಟಿನ ನಾಣ್ಯದಲ್ಲಿ. ಬಾವುಟಕ್ಕೆ ಹೇಳುವ ಪ್ರತಿಜ್ಞಾವಚನಕ್ಕೆ ‘ದೇವರ ಅಧೀನದಲ್ಲಿ’ ಸೇರಿದ್ದು 1954ರ ಜೂನ್ 14ರಂದು, ರಷ್ಯಾದ ಭಯದಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಎದುರಿಗೆ ಕೂತಿದ್ದಾಗ ಪಾದ್ರಿ ಜಾರ್ಜ್ ಡಾಕರ್ಟಿ ಉಪದೇಶದಲ್ಲಿ ಹೇಳಿದ್ದು: ಈಗಿರುವ ಪ್ರತಿಜ್ಞೆಯನ್ನು ಮಾಸ್ಕೋದ ಮಕ್ಕಳೂ ತಮ್ಮ ಬಾವುಟಕ್ಕೆ ಹೇಳಬಹುದು, ನಮ್ಮದಕ್ಕೆ ಬೇರೆ ಗುರುತು ಬೇಕು. 1892ರಲ್ಲಿ ಮೂಲ ಪ್ರತಿಜ್ಞೆ ಬರೆದ ಫ್ರಾನ್ಸಿಸ್ ಬೆಲಮಿ ಬ್ಯಾಪ್ಟಿಸ್ಟ್ ಪಾದ್ರಿ. ಅವರು ದೇವರನ್ನು ಅದರೊಳಗೆ ತಂದಿರಲಿಲ್ಲ. 1956ರಲ್ಲಿ ನಾಣ್ಯದ ಮೇಲಿನ ವಾಕ್ಯವೇ ರಾಷ್ಟ್ರದ ಧ್ಯೇಯವಾಕ್ಯವಾಯಿತು. 1957ರಿಂದ ನೋಟಿನ ಮೇಲೂ ಬಂತು.

ಶತ್ರುವಿನಿಂದ ತಮ್ಮನ್ನು ಬೇರೆಯಾಗಿ ತೋರಿಸಿಕೊಳ್ಳಲು ಕರೆದ ದೇವರು. ಕಷ್ಟಕ್ಕೆ ದೇವರನ್ನು ಕರೆಯದವರು ಯಾರಿದ್ದಾರೆ? ಕಷ್ಟ ಕಳೆದ ಮೇಲೂ ಕಾಯಿದೆ ಮಾತ್ರ ಹಾಗೇ ಉಳಿಯಿತು.

*

ಇಲ್ಲೇ ಟೆಕ್ಸಾಸಿನಲ್ಲಿ ಓದುವ ನನ್ನ ಮೊಮ್ಮಗಳಿಗೆ ಎಂಟು ವರ್ಷ. ಇಲ್ಲಿನ ಶಾಲೆಗಳಲ್ಲಿ ಬೆಳಿಗ್ಗೆ ದೇಶದ ಪ್ರತಿಜ್ಞೆ, ಅದರ ಹಿಂದೆ ರಾಜ್ಯದ ಪ್ರತಿಜ್ಞೆ, ಆಮೇಲೆ ಒಂದು ನಿಮಿಷ ಮೌನ. ರಾಜ್ಯದ್ದಕ್ಕೂ 2007ರಲ್ಲಿ ದೇವರನ್ನು ಸೇರಿಸಿದ್ದಾರೆ. ಹೇಳಿ ತೋರಿಸು ಎಂದೆ. ಎದೆಯ ಮೇಲೆ ಕೈಯಿಟ್ಟು ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿದಳು.

‘ದೇವರು ಅಂದ್ಯಲ್ಲ ಪುಟ್ಟಿ, ಯಾವ ದೇವರು?’

‘ಗೊತ್ತಿಲ್ಲ ತಾತ. ಬೇಗ ಬೇಗ ಹೇಳ್ತೀವಲ್ಲ, ಬಂದ್‌ಬಿಡತ್ತೆ.’

‘ಮೌನದಲ್ಲಿ ಏನ್ ಮಾಡ್ತೀಯ?’

‘ಕೆಲವ್ರು ಕಣ್ಮುಚ್ಕೋತಾರೆ. ನಾನು ಇವತ್ತು ಲಂಚ್ ಬಾಕ್ಸಲ್ಲಿ ಏನಿದೆ ಅಂತ ಯೋಚ್ನೆ ಮಾಡ್ತೀನಿ.’

ಮನೆಯಲ್ಲಿ ದೀಪ ಹಚ್ಚುವಾಗ ಇದೇ ಹುಡುಗಿ ಗಣಪತಿಯ ಶ್ಲೋಕವನ್ನು ನಿಧಾನವಾಗಿ, ಒಂದೊಂದು ಅಕ್ಷರಕ್ಕೂ ನಿಂತು ಹೇಳುತ್ತಾಳೆ. ಅವಳ ಅಜ್ಜಿ ಹಾಗೆ ಹೇಳಿಕೊಟ್ಟಿದ್ದಾಳೆ.

*

ಜೂನ್ 14 ಅಮೆರಿಕದ ಧ್ವಜದ ದಿನ. 1943ರ ಜೂನ್ 14ರಂದು ಸುಪ್ರೀಂ ಕೋರ್ಟ್, ಬಾವುಟಕ್ಕೆ ವಂದಿಸಲೇಬೇಕೆಂದು ಶಾಲೆ ಯಾವ ಮಗುವನ್ನೂ ಒತ್ತಾಯಿಸುವ ಹಾಗಿಲ್ಲ ಎಂದಿತು. ಕೇಳಿದವರು ಯೆಹೋವನ ಸಾಕ್ಷಿಗಳು ಎಂಬ ಸಣ್ಣ ಪಂಥದವರು. ಮೂರೇ ವರ್ಷದ ಹಿಂದೆ ಇದೇ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತ್ತು. ನಮ್ಮಲ್ಲೂ 1986ರಲ್ಲಿ ಇದೇ ಪಂಥದ ಕೇರಳದ ಮೂವರು ಮಕ್ಕಳು, ರಾಷ್ಟ್ರಗೀತೆಗೆ ಎದ್ದು ನಿಂತೂ ಹಾಡದೇ ಇದ್ದವರು, ಸುಪ್ರೀಂ ಕೋರ್ಟಿನಲ್ಲಿ ಗೆದ್ದರು.

1954ರ ಜೂನ್ 14: ಪ್ರತಿಜ್ಞೆಗೆ ದೇವರು ಸೇರಿದ್ದು. 2004ರ ಜೂನ್ 14: ಆ ಪದ ತೆಗೆಸಬೇಕೆಂದು ಕ್ಯಾಲಿಫೋರ್ನಿಯಾದ ಮೈಕಲ್ ನ್ಯೂಡೌ ಹೂಡಿದ್ದ ದಾವೆ ಬಿದ್ದುಹೋದದ್ದು. ಮಗಳ ಪರವಾಗಿ ದಾವೆ ಹೂಡುವ ಹಕ್ಕು ಈ ತಂದೆಗೆ ಇಲ್ಲ ಎಂದು ಬಹುಮತ ಅಲ್ಲಿಗೇ ಮುಗಿಸಿತು. ಮೂಲ ಪ್ರಶ್ನೆಗೆ ಉತ್ತರವೇ ಬರಲಿಲ್ಲ.

*

ಈಗ ನನ್ನನ್ನು ನಿದ್ದೆಗೆಡಿಸಿದ ವಿಷಯಕ್ಕೆ ಬರುತ್ತೇನೆ.

ಸರ್ಕಾರ ಹೀಗೆ ದೇವರ ಹೆಸರು ಹೇಳುವುದನ್ನು ಕೋರ್ಟುಗಳು ಯಾವ ಆಧಾರದ ಮೇಲೆ ಉಳಿಸಿಕೊಂಡವು? ಎಷ್ಟೋ ವರ್ಷ ಅವರಾಡಿದ ವಾದ, ಇದು ಬರಿಯ ಔಪಚಾರಿಕ ಆಸ್ತಿಕತೆ ಎಂಬುದು. ಯಾಂತ್ರಿಕವಾಗಿ ಹೇಳಿ ಹೇಳಿ ಈ ಮಾತುಗಳಲ್ಲಿದ್ದ ಧಾರ್ಮಿಕ ಹುರುಳೆಲ್ಲ ಸವೆದುಹೋಗಿದೆ. ಸಮಾರಂಭಕ್ಕೊಂದು ಗಾಂಭೀರ್ಯ ತರುವುದಷ್ಟೇ ಈಗ ಅವುಗಳ ಕೆಲಸ. ಆದ್ದರಿಂದ ಸಂವಿಧಾನಕ್ಕೆ ಭಂಗವಿಲ್ಲ. 1984ರಲ್ಲಿ ನ್ಯಾಯಮೂರ್ತಿ ವಿಲಿಯಂ ಬ್ರೆನನ್, ಅದೂ ತಮ್ಮ ಭಿನ್ನಮತದ ತೀರ್ಪಿನಲ್ಲಿ, ನಾಣ್ಯದ ವಾಕ್ಯವನ್ನೂ ಪ್ರತಿಜ್ಞೆಯ ದೇವರನ್ನೂ ಹೀಗೆ ಅರ್ಥ ಮಾಡಿಕೊಂಡರು.

ಎಂಟು ವರ್ಷದ ಹುಡುಗಿ ಹೇಳಿದ್ದೂ ಇದನ್ನೇ: ಬೇಗ ಬೇಗ ಹೇಳ್ತೀವಲ್ಲ.

ದೇವರನ್ನು ನಂಬುವವರು ಇದನ್ನು ಗೆಲುವು ಎಂದು ಹೇಗೆ ಕೊಂಡಾಡುತ್ತಾರೆ? ನಿಮ್ಮ ದೇವರ ಹೆಸರು ನಮ್ಮ ನೋಟಿನ ಮೇಲೆ ಇರಬಹುದು, ಯಾಕೆಂದರೆ ಅಲ್ಲಿ ಅದಕ್ಕೆ ಅರ್ಥವಿಲ್ಲ ಎಂದು ನ್ಯಾಯಾಲಯ ಹೇಳಿದರೆ, ಮೊದಲು ಮೇಲ್ಮನವಿ ಹಾಕಬೇಕಾದವರು ಭಕ್ತರಲ್ಲವೇ? ನಾಸ್ತಿಕನಿಗೆ ಹೆಚ್ಚೆಂದರೆ ಕಿರಿಕಿರಿ. ಭಕ್ತನಿಗೆ ಆದದ್ದು ನಷ್ಟ.

*

ಬ್ರೆನನ್ ಭಿನ್ನಮತ ಬರೆದ ಆ ಮೊಕದ್ದಮೆ ಬಂದದ್ದು ರೋಡ್ ಐಲಂಡಿನ ಪಾಟಕೆಟ್ ಊರಿನಿಂದ. ರೋಜರ್ ವಿಲಿಯಮ್ಸ್ ಕಟ್ಟಿದ ಪುಟ್ಟ ರಾಜ್ಯವೇ ಅದು. ಕ್ರಿಸ್ಮಸ್ಸಿಗೆ ನಗರಸಭೆ ಒಂದು ಉದ್ಯಾನದಲ್ಲಿ ಗೋದಲಿ ಕೂರಿಸುತ್ತಿತ್ತು. 1973ರಲ್ಲಿ 1,365 ಡಾಲರ್ ಕೊಟ್ಟು ತಂದದ್ದು. ದಾವೆಯ ಹೊತ್ತಿಗೆ ಅದರ ಬೆಲೆ 200 ಡಾಲರ್ ಎಂದು ದಾಖಲೆ. ಶಿಶು ಯೇಸು, ಮರಿಯ, ಜೋಸೆಫ್, ದೇವದೂತರು, ಕುರುಬರು, ಅರಸರು. ಕೆಲವು ಗೊಂಬೆ ಐದಂಗುಲ, ಕೆಲವು ಐದಡಿ. ಸುತ್ತ ಸಾಂಟಾನ ಮನೆ, ಅವನ ಗಾಡಿ ಎಳೆಯುವ ಹಿಮಸಾರಂಗಗಳು, ಒಬ್ಬ ವಿದೂಷಕ, ಒಂದು ಆನೆ, ಒಂದು ಕರಡಿ ಗೊಂಬೆ, ಬಣ್ಣದ ದೀಪ, ಹಬ್ಬದ ಶುಭಾಶಯದ ಬ್ಯಾನರು.

ಐವರು ನ್ಯಾಯಮೂರ್ತಿಗಳು ಇದಕ್ಕೆ ಅಡ್ಡಿಯಿಲ್ಲ ಎಂದರು. ಅವರ ತರ್ಕದಲ್ಲಿ ಸುತ್ತಲ ಸನ್ನಿವೇಶದ ಭಾರ ದೊಡ್ಡದು: ಇಡೀ ದೃಶ್ಯ ಒಂದು ಹಬ್ಬದ್ದು, ಅದರಲ್ಲಿ ಗೋದಲಿಯೂ ಒಂದು. ಐದು ವರ್ಷದ ಮೇಲೆ, 1989ರಲ್ಲಿ, ಪಿಟ್ಸ್‌ಬರ್ಗಿನ ಕೋರ್ಟ್ ಕಟ್ಟಡದ ಮುಖ್ಯ ಮೆಟ್ಟಿಲ ಮೇಲೆ ಒಂಟಿಯಾಗಿ ಇಟ್ಟಿದ್ದ ಗೋದಲಿ ಕೂಡದು ಎಂದಾಯಿತು. ಅದೇ ಊರಿನಲ್ಲಿ 45 ಅಡಿಯ ಕ್ರಿಸ್ಮಸ್ ಮರದ ಪಕ್ಕ ನಿಂತ 18 ಅಡಿಯ ಯೆಹೂದಿ ದೀಪಸ್ತಂಭ ಪರವಾಗಿಲ್ಲ ಎಂದಾಯಿತು. ವಕೀಲರು ಇದಕ್ಕೆ ಹಿಮಸಾರಂಗದ ನಿಯಮ ಎಂದೇ ಹೆಸರಿಟ್ಟರು.

ಮಂಗಳೂರು ಕಡೆ ಡಿಸೆಂಬರಿನಲ್ಲಿ ಮನೆ ಮನೆ ಗೋದಲಿ ಕಟ್ಟುವುದನ್ನು ಕಂಡವರು ನಾವು. ಬೈಹುಲ್ಲು ಹಾಸಿ, ಮಣ್ಣಿನ ಗೊಂಬೆ ಜೋಡಿಸಿ, ಶಿಶುವನ್ನು ಮಾತ್ರ ನಡುರಾತ್ರಿಯ ಪೂಜೆಯ ಹೊತ್ತಿಗೆ ತಂದು ಮಲಗಿಸುವವರಿದ್ದಾರೆ. ಆ ಒಂದು ಗೊಂಬೆಗಾಗಿ ಮಿಕ್ಕ ಗೊಂಬೆಗಳು ಕಾಯುತ್ತವೆ. ಪಾಟಕೆಟ್ಟಿನಲ್ಲಿ ಅದೇ ಶಿಶುವಿಗೆ ನಗರಸಭೆಯ ಅಲಂಕಾರದಲ್ಲಿ ಜಾಗ ಸಿಕ್ಕಿತು, ತನ್ನ ಮಹತ್ವವನ್ನು ಆನೆ ಕರಡಿಗಳಿಗೆ ಹಂಚಿಕೊಟ್ಟ ಮೇಲೆ. ಆ ತೀರ್ಪು ಓದಿ ಸಂತೋಷಪಟ್ಟ ಕ್ರೈಸ್ತರ ಜೊತೆ ಕೂತು ಮಾತಾಡಬೇಕೆನಿಸುತ್ತದೆ.

*

ಸುಪ್ರೀಂ ಕೋರ್ಟಿನ ಕಲಾಪ ಶುರುವಾಗುವ ಮೊದಲು ಮಾರ್ಷಲ್ ಕೂಗುತ್ತಾರೆ: ದೇವರು ಈ ದೇಶವನ್ನೂ ಈ ಮಾನ್ಯ ನ್ಯಾಯಾಲಯವನ್ನೂ ಕಾಪಾಡಲಿ. ಗೋಡೆಯ ಮೇಲ್ಭಾಗದ ಉಬ್ಬುಶಿಲ್ಪಗಳಲ್ಲಿ ಮೋಶೆ, ಸಾಲೊಮನ್, ಹಮ್ಮುರಾಬಿ, ಕನ್‌ಫ್ಯೂಷಿಯಸ್, ಪ್ರವಾದಿ ಮುಹಮ್ಮದ್, ನೆಪೋಲಿಯನ್, ಹೀಗೆ ಹದಿನೆಂಟು ಶಾಸನಕಾರರು. ಇದು ಪಾಠಶಾಲೆಯ ಚಿತ್ರಪಟದಂತೆ, ಇತಿಹಾಸ ಹೇಳುತ್ತದೆ. ನನಗೆ ತೊಡಕೆನಿಸಲಿಲ್ಲ. ಇತಿಹಾಸದಲ್ಲಿ ಧರ್ಮವಿದೆ ಎನ್ನುವುದು ಬೇರೆ, ನೀನೂ ಇದನ್ನು ಪಾಲಿಸು ಎನ್ನುವುದು ಬೇರೆ.

*

2000ದ ಸೆಪ್ಟೆಂಬರ್ 14. ಪ್ರಧಾನಿ ವಾಜಪೇಯಿಯವರು ಅಮೆರಿಕದ ಸಂಸತ್ತನ್ನು ಉದ್ದೇಶಿಸಿ ಮಾತಾಡಿದ ದಿನ. ಅಂದು ಓಹಾಯೊದ ಪಾರ್ಮಾ ಊರಿನ ಶಿವ ವಿಷ್ಣು ದೇವಾಲಯದ ಅರ್ಚಕರು ಜನಪ್ರತಿನಿಧಿ ಸಭೆಯಲ್ಲಿ ಪ್ರಾರ್ಥನೆ ಮಾಡಿದರು. ಹಿಂದೂ ಅರ್ಚಕರೊಬ್ಬರಿಗೆ ಆ ಅವಕಾಶ ಸಿಕ್ಕಿದ್ದು ಅದೇ ಮೊದಲು. 2007ರ ಜುಲೈ 12ರಂದು ಸೆನೆಟ್ಟಿನಲ್ಲಿ ನೆವಾಡಾದ ರಾಜನ್ ಝೆಡ್ ಅವರ ಸರದಿ. ಪ್ರಾರ್ಥನೆ ತೊಡಗುವಾಗಲೇ ಗ್ಯಾಲರಿಯಲ್ಲಿದ್ದ ಮೂವರು ಕೂಗೆಬ್ಬಿಸಿದರು. ಇದು ನಿಜದೇವರಿಗೆ ದ್ರೋಹ ಎಂದು ಅವರ ಆಕ್ರೋಶ. ಪೊಲೀಸರು ಅವರನ್ನು ಹೊರಗೆ ಕರೆದೊಯ್ದರು.

ಇಲ್ಲಿನ ನಮ್ಮವರು ಈ ಎರಡು ದಿನಗಳನ್ನೂ ಹೆಮ್ಮೆಯಿಂದ ನೆನೆಯುತ್ತಾರೆ. ಆ ಹೆಮ್ಮೆ ನನಗೆ ಅರ್ಥವಾಗುತ್ತದೆ. ಆದರೂ ಜೇಮ್ಸ್ ಮ್ಯಾಡಿಸನ್ ಮಾತು ಬಿಡುವುದಿಲ್ಲ. ಮೊದಲ ತಿದ್ದುಪಡಿಯ ಕರಡಿಗೆ ದುಡಿದ ಆ ಮನುಷ್ಯ ಸಂಬಳದ ಸಂಸತ್ ಪಾದ್ರಿಯ ಹುದ್ದೆಯೇ ತಪ್ಪು ಎಂದು ಕೊನೆಗಾಲದಲ್ಲಿ ಬರೆದಿಟ್ಟರು. ಬಹುಮತದಿಂದ ಆರಿಸುವ ಆ ಹುದ್ದೆಗೆ ಒಬ್ಬ ಕ್ಯಾಥೊಲಿಕ್ ಪಾದ್ರಿ ಎಂದಾದರೂ ಬರಲು ಸಾಧ್ಯವೇ ಎಂದು ಕೇಳಿದ್ದರು. ಕ್ಯಾಥೊಲಿಕರ ಸರದಿಯೇನೋ ಆಮೇಲೆ ಬಂತು. ನಮ್ಮ ಅರ್ಚಕರಿಗೆ ಸಿಕ್ಕದ್ದು ಅತಿಥಿಯ ಒಂದು ಬೆಳಗು. ಅದಕ್ಕೆ ಚಪ್ಪಾಳೆ ತಟ್ಟಿದರೆ ಮಿಕ್ಕ ಬೆಳಗುಗಳ ಏರ್ಪಾಟಿಗೂ ಒಪ್ಪಿಗೆ ಕೊಟ್ಟಂತಾಗದೇ? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ, ಅಳಿಯನಲ್ಲಿದೆ. ‘ಮಾವ, ಬಾಗಿಲು ತೆರೆದಿರೋವಾಗ ಒಳಗೆ ಹೋಗ್ಬೇಕು. ಬಾಗಿಲೇ ಇರಬಾರದಿತ್ತು ಅನ್ನೋ ಮಾತು ಒಳಗೆ ಕೂತು ಆಡೋಣ’ ಎನ್ನುತ್ತಾನೆ.

*

ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್ ನೆನಪಾಗುತ್ತಾರೆ. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ, ಪ್ರಸ್ತಾವನೆ ದೇವರ ಹೆಸರಿನಲ್ಲಿ ತೊಡಗಲಿ ಎಂದು ತಿದ್ದುಪಡಿ ತಂದವರು ಅವರು. ಅಧ್ಯಕ್ಷತೆ ವಹಿಸಿದ್ದ ರಾಜೇಂದ್ರ ಪ್ರಸಾದರಿಗೂ ದೇವರನ್ನು ಮತಕ್ಕೆ ಹಾಕುವುದು ಇಷ್ಟವಿರಲಿಲ್ಲ. ಕಾಮತ್ ಬಿಡಲಿಲ್ಲ. 41 ಪರ, 68 ವಿರುದ್ಧ, ತಿದ್ದುಪಡಿ ಬಿತ್ತು. ವಿರೋಧಿಸಿದ ಹೃದಯನಾಥ ಕುಂಜ್ರು ಅವರಿಗೆ ನಂಬಿಕೆಯ ಮೇಲೆ ಸಿಟ್ಟೇನೂ ಇರಲಿಲ್ಲ. ಅದು ಒಬ್ಬೊಬ್ಬರ ಅಂತರಂಗದ ಸಂಗತಿ, ಎಲ್ಲರ ಮೇಲೂ ಹೇರಕೂಡದು ಎನ್ನುವುದು ಅವರ ನಿಲುವು. ದೇವರನ್ನು ನಂಬುವ ದೇಶದ ಪ್ರತಿನಿಧಿಗಳೇ ದೇವರನ್ನು ಪ್ರಸ್ತಾವನೆಯಿಂದ ಆಚೆ ಇಟ್ಟರು. ನನಗೆ ಅದರಲ್ಲಿ ದೇವರಿಗೆ ಅಗೌರವ ಕಾಣುವುದಿಲ್ಲ.

ಆದರೆ ನಮ್ಮ ವ್ಯವಸ್ಥೆಯಲ್ಲಿ ಅಮೆರಿಕದ ಗೋಡೆಯೂ ಇಲ್ಲ. ಮುಜರಾಯಿ ಇಲಾಖೆ ಇದೆ, ದೇವಸ್ಥಾನದ ಹುಂಡಿ ಎಣಿಸಲು ಅಧಿಕಾರಿಗಳು ಬರುತ್ತಾರೆ. ವಿಧಾನಸೌಧದ ನೆತ್ತಿಯ ಮೇಲೇ ಬರೆದಿದೆ: ಸರ್ಕಾರದ ಕೆಲಸ ದೇವರ ಕೆಲಸ. ಕೆಂಗಲ್ ಹನುಮಂತಯ್ಯನವರ ಕನಸಿನ ಆ ಕಟ್ಟಡ ಮುಗಿದದ್ದೂ 1956ರಲ್ಲಿ, ಅಮೆರಿಕ ತನ್ನ ಧ್ಯೇಯವಾಕ್ಯಕ್ಕೆ ದೇವರನ್ನು ತಂದ ವರ್ಷವೇ. ಯಾವ ಮತದ ದೇವರೆಂದು ಅದು ಹೇಳುವುದಿಲ್ಲ. ಹೇಳುತ್ತಿರುವುದು ಒಳಗೆ ಕುರ್ಚಿಯಲ್ಲಿ ಕೂತವರಿಗೆ. ಅರ್ಜಿ ಹಿಡಿದು ಬಂದ ರೈತ ಬೇಕಾದರೆ ಅದರ ಕಡೆ ಬೆರಳು ತೋರಿಸಿ, ಸ್ವಾಮಿ, ಇಲ್ಲಿ ಹೀಗೆ ಬರೆದಿದೆಯಲ್ಲ ಎನ್ನಬಹುದು. ಆಸ್ಟಿನ್ನಿನ ಕಲ್ಲು ಮಾತಾಡುವುದು ದಾರಿಯಲ್ಲಿ ಹೋಗುವವರಿಗೆ.

*

ಮೇರಿಲ್ಯಾಂಡಿನ ಬ್ಲೇಡೆನ್ಸ್‌ಬರ್ಗ್. ಮೊದಲ ಮಹಾಯುದ್ಧದಲ್ಲಿ ಸತ್ತ ಆ ಕೌಂಟಿಯ 49 ಮಂದಿಯ ನೆನಪಿಗೆ 1925ರಲ್ಲಿ ಮುಗಿದ ದೊಡ್ಡ ಶಿಲುಬೆ. ಈಗ ರಸ್ತೆ ಕೂಡುವ ಕಡೆ ಸರ್ಕಾರಿ ನೆಲದಲ್ಲಿದೆ. 2019ರಲ್ಲಿ ಇಬ್ಬರ ವಿರುದ್ಧ ಏಳು ನ್ಯಾಯಮೂರ್ತಿಗಳು ಇರಲಿ ಎಂದರು. ಕಾಲ ಕಳೆದಂತೆ ಸ್ಮಾರಕಕ್ಕೆ ಬೇರೆ ಅರ್ಥಗಳೂ ಬರುತ್ತವೆ, ಕೆಡವಿದರೆ ತಟಸ್ಥ ನಡೆ ಎನಿಸುವುದಿಲ್ಲ ಎಂದು ಸ್ಯಾಮ್ಯುಯಲ್ ಅಲಿಟೊ ಬರೆದರು. ಶಿಲುಬೆ ಕ್ರೈಸ್ತರದು, ಅದು ಎಲ್ಲ ಯೋಧರ ಗುರುತಾಗಲಾರದು ಎಂದು ರೂಥ್ ಬೇಡರ್ ಗಿನ್ಸ್‌ಬರ್ಗ್ ಬರೆದರು.

ಗಿನ್ಸ್‌ಬರ್ಗ್ ಹೇಳಿದ್ದು ಸರಿ. ಆದರೂ ನನ್ನಿಂದ ಅದನ್ನು ಕೆಡವಿ ಎನ್ನಲಾಗದು. ಮಗನನ್ನು ಫ್ರಾನ್ಸಿನ ಮಣ್ಣಿನಲ್ಲೇ ಬಿಟ್ಟ ಒಬ್ಬ ತಾಯಿ, ಈ ಸ್ಮಾರಕವೇ ನನಗೆ ಅವನ ಸಮಾಧಿಯ ಕಲ್ಲು ಎಂಬರ್ಥದಲ್ಲಿ ಒಬ್ಬ ಸೆನೆಟರಿಗೆ ಬರೆದಿದ್ದಳು. ಕಟ್ಟಿದವರ ಎದೆಯಲ್ಲಿ ಇದ್ದದ್ದು ದುಃಖ. ಟೆಕ್ಸಾಸಿನ ಕಲ್ಲಿಗೆ ಕೊಡದ ರಿಯಾಯಿತಿ ಇದಕ್ಕೇಕೆ ಎಂದು ಕೇಳಿದರೆ ಕಾನೂನಿನ ಉತ್ತರ ನನ್ನಲ್ಲಿಲ್ಲ.

*

ಔಪಚಾರಿಕ ಆಸ್ತಿಕತೆಯ ಕಾಲ ಮುಗಿಯುತ್ತಿರುವ ಹಾಗಿದೆ. 2022ರಲ್ಲಿ, ಫುಟ್‌ಬಾಲ್ ಮೈದಾನದ ನಡುವೆ ಮಂಡಿಯೂರಿ ಪ್ರಾರ್ಥಿಸುತ್ತಿದ್ದ ಶಾಲಾ ತರಬೇತುದಾರರ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟ್ 1971ರಿಂದ ಬಳಸುತ್ತಿದ್ದ ಅಳತೆಗೋಲನ್ನು ಬದಿಗಿಟ್ಟಿತು. ಇನ್ನು ಮುಂದೆ ಇತಿಹಾಸ ಮತ್ತು ಪರಂಪರೆ ನೋಡಿ ತೀರ್ಮಾನ ಎಂದಿತು.

2024ರ ಜೂನಿನಲ್ಲಿ ಲೂಸಿಯಾನಾ ಕಾಯಿದೆ ಮಾಡಿತು: ಸರ್ಕಾರಿ ಶಾಲೆಯ ಪ್ರತಿ ತರಗತಿಯಲ್ಲೂ ದಶಾಜ್ಞೆಗಳ ಫಲಕ, ಕನಿಷ್ಠ 11 ಅಂಗುಲಕ್ಕೆ 14 ಅಂಗುಲ, ದೊಡ್ಡ ಸ್ಪಷ್ಟ ಅಕ್ಷರ. ಪಾಠ ಯಾವುದಿರಬೇಕೆಂದೂ ಕಾಯಿದೆಯೇ ಬರೆದುಕೊಟ್ಟಿತು. ಆಸ್ಟಿನ್ನಿನ ಕಲ್ಲಿನ ಪಾಠವೇ ಅದು. 2025ರಲ್ಲಿ ಟೆಕ್ಸಾಸ್ ಹಿಂಬಾಲಿಸಿತು, 16 ಅಂಗುಲಕ್ಕೆ 20. ಕೆಂಟಕಿಯ ಇಂಥದೇ ಕಾಯಿದೆಯನ್ನು ಇದೇ ಸುಪ್ರೀಂ ಕೋರ್ಟ್ 1980ರಲ್ಲಿ ತಳ್ಳಿಹಾಕಿತ್ತು.

ಇಲ್ಲಿ ಯಾರೂ ಅರ್ಥ ಸವೆದುಹೋಗಿದೆ ಎನ್ನುತ್ತಿಲ್ಲ. ಮಕ್ಕಳು ಓದಲಿ, ಮನಸ್ಸಿಗೆ ತಂದುಕೊಳ್ಳಲಿ ಎಂದೇ ತೂಗುಹಾಕುವುದು. ಹಾಗಾದರೆ ಫಿಲಡೆಲ್ಫಿಯಾದ ಪ್ರಶ್ನೆ ತಿರುಗಿ ಬಂತು: ಯಾರ ಪಾಠ, ಯಾವ ಎಣಿಕೆ, ಯಾರ ದೇವರು? ನನ್ನ ಹೊರತು ಬೇರೆ ದೇವರು ನಿನಗಿರಕೂಡದು ಎಂಬ ಅರ್ಥದ ಸಾಲನ್ನು, ಮನೆಯಲ್ಲಿ ಗಣಪತಿಗೆ ಕೈಮುಗಿದು ಬಂದ ಮಗು ವರ್ಷವಿಡೀ ಎದುರಿಗಿಟ್ಟುಕೊಂಡು ಲೆಕ್ಕ ಕಲಿಯಬೇಕು. ಮಗಳಿಗೆ ಇದೇ ಚಿಂತೆ. ‘ಅಪ್ಪ, ಅವಳು ಕೇಳಿದ್ರೆ ಟೀಚರ್ ಏನ್ ಹೇಳ್ಬೇಕು? ಪಾಪ, ಅವ್ರಿಗೂ ಕಷ್ಟ’ ಎಂದಳು. ಟೀಚರ ಕಷ್ಟ ನನಗೆ ಹೊಳೆದಿರಲಿಲ್ಲ. ಉತ್ತರ ಹೇಳಿದರೆ ಧರ್ಮಬೋಧೆ, ಹೇಳದಿದ್ದರೆ ಗೋಡೆಯ ಮೇಲಿರುವುದಕ್ಕೆ ಅರ್ಥವೇ ಇಲ್ಲವೆಂದು ಮಗುವಿಗೆ ಕಲಿಸಿದಂತೆ.

1962ರಲ್ಲಿ ನ್ಯೂಯಾರ್ಕಿನ ಶಾಲೆಗಳ 22 ಪದದ ಸರ್ಕಾರಿ ಪ್ರಾರ್ಥನೆಯನ್ನು ನಿಲ್ಲಿಸುವಾಗ ಹ್ಯೂಗೊ ಬ್ಲ್ಯಾಕ್ ಬರೆದದ್ದರ ಸಾರ: ಧರ್ಮ ತೀರಾ ಅಂತರಂಗದ್ದು, ತೀರಾ ಪವಿತ್ರ, ಅಧಿಕಾರಿಯ ಕೈ ಅದನ್ನು ಕೆಡಿಸಬಾರದು. ಬ್ಲ್ಯಾಕ್ ವರ್ಷಗಟ್ಟಲೆ ಭಾನುವಾರದ ಶಾಲೆಯಲ್ಲಿ ಬೈಬಲ್ ಪಾಠ ಹೇಳಿದ ಬ್ಯಾಪ್ಟಿಸ್ಟರು.

ಲೂಸಿಯಾನಾದ ಕಾಯಿದೆಯ ವಿರುದ್ಧ ಕೋರ್ಟಿಗೆ ಹೋದ ಹೆತ್ತವರಲ್ಲಿ ಒಬ್ಬ ಪ್ರೆಸ್ಬಿಟೇರಿಯನ್ ಪಾದ್ರಿ ಇದ್ದಾರೆ. ಟೆಕ್ಸಾಸಿನಲ್ಲಿ ಒಬ್ಬರು ರಬ್ಬಿ. ದಶಾಜ್ಞೆಗಳನ್ನು ಬಾಯಿಪಾಠ ಬಲ್ಲವರು, ವೇದಿಕೆಯ ಮೇಲಿಂದ ಅವುಗಳನ್ನು ಬೋಧಿಸುವವರು, ಇವನ್ನು ಸರ್ಕಾರ ಕಲಿಸುವುದು ಬೇಡ, ಮಕ್ಕಳಿಗೆ ಕಲಿಸುವ ಕೆಲಸ ನಮ್ಮದು ಎನ್ನುತ್ತಿದ್ದಾರೆ. ಆ ರಬ್ಬಿಯ ಮಂದಿರವಿರುವ ಸ್ಯಾನ್ ಆಂಟೋನಿಯೊ ಆಸ್ಟಿನ್ನಿನಿಂದ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಅವರಲ್ಲಿ ಕೇಳಬೇಕಾದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ: ಶಾಲೆಯ ಗೋಡೆಯ ಮೇಲೆ ದಿನವೂ ಕಂಡು ಕಂಡು ಹಳತಾದ ಸಾಲನ್ನು, ವಾರದ ಕೊನೆಗೆ ನಿಮ್ಮ ಪೀಠದ ಮುಂದೆ ಬಂದು ಕೂರುವ ಮಗುವಿಗೆ ಮತ್ತೆ ಹೊಸದಾಗಿ ಕೇಳಿಸುವುದು ಹೇಗೆ?